ಹೇಜಲ್‌ನಟ್ ಕ್ರೊಕಾಂಟ್ ಕೈಕೊಟ್ಟರೆ: ದೋಷ ಹುಡುಕಿ ಸರಿಪಡಿಸುವ ಕೈಪಿಡಿ

ಸಕ್ಕರೆಯನ್ನು ಕೆಂಪಗೆ ಕರಗಿಸಿ, ಹುರಿದ ಹೇಜಲ್‌ನಟ್ ಹಾಕಿ, ಹರವಿ ಆರಿಸಿ, ಕುಟ್ಟಿ ಚೂರು ಮಾಡಿದರೆ ಅದು ಕ್ರೊಕಾಂಟ್. ಜರ್ಮನಿಯ ಕೇಕ್ ಅಂಗಡಿಗಳಲ್ಲಿ ಈ ಹೆಸರು. ಇಟಲಿಯವರು ಕ್ರೊಕಾಂತೆ ಅನ್ನುತ್ತಾರೆ. ಫ್ರೆಂಚರು ಇಂಥದ್ದನ್ನೇ ನುಣ್ಣಗೆ ಅರೆದು ಪ್ರಾಲಿನೆ ಮಾಡಿಕೊಳ್ಳುತ್ತಾರೆ. ಕಡಲೆ ಮಿಠಾಯಿ ಮಾಡಿ ಅಭ್ಯಾಸ ಇದ್ದವರಿಗೆ ಪಾಕದ ಮಟ್ಟಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಕಡಲೆ ಮಿಠಾಯಿ ನೇರ ಬಾಯಿಗೆ ಹೋಗುತ್ತದೆ, ಕ್ರೊಕಾಂಟ್ ಹಾಗಲ್ಲ. ಅದು ಬೆಣ್ಣೆ ಕ್ರೀಮಿನ ಮೇಲೆ ಕೂರಬೇಕು, ಐಸ್‌ಕ್ರೀಮಿನೊಳಗೆ ಗಟ್ಟಿಯಾಗಿ ಉಳಿಯಬೇಕು, ಚಾಕೊಲೇಟಿನ ಜೊತೆ ಹೊಂದಿಕೊಳ್ಳಬೇಕು. ಬಾಣಲೆಯಿಂದ ಇಳಿಸುವಾಗ ಚೆನ್ನಾಗಿಯೇ ಇದ್ದದ್ದು ಮಾರನೆಯ ದಿನ ಕೇಕಿನ ಮೇಲೆ ಮೆತ್ತಗಾಗುವುದು ಅದಕ್ಕೇ.

ಈ ಕೈಪಿಡಿಯಲ್ಲಿ ಎರಡು ಅಳತೆ ಇಟ್ಟುಕೊಂಡಿದ್ದೇನೆ. ಕೇಕಿಗೆ ಮೆತ್ತುವ ಕ್ರೊಕಾಂಟ್‌ಗೆ 125 ಗ್ರಾಂ ಕತ್ತರಿಸಿದ ಹೇಜಲ್‌ನಟ್, 60 ಗ್ರಾಂ ಸಕ್ಕರೆ, 10 ಗ್ರಾಂ ಬೆಣ್ಣೆ. ಇದು ಜರ್ಮನ್ ಮನೆಗಳಲ್ಲಿ ಹೆಚ್ಚುಕಡಿಮೆ ರೂಢಿಯ ಪ್ರಮಾಣ. ಹಲಗೆಯಾಗಿ ಹರವಿ ಮುರಿಯುವುದಕ್ಕೂ ಅರೆಯುವುದಕ್ಕೂ ಬೀಜ ಮತ್ತು ಸಕ್ಕರೆ ಸಮತೂಕ.

ಮೊದಲು ಕೇಳಬೇಕಾದ್ದು: ಯಾವಾಗ ಕೆಟ್ಟಿತು?

ಏನಾಯಿತು ಎನ್ನುವುದಕ್ಕಿಂತ ಯಾವಾಗ ಆಯಿತು ಎನ್ನುವುದು ಹೆಚ್ಚು ಹೇಳುತ್ತದೆ. ಒಲೆಯ ಮೇಲಿದ್ದಾಗಲೇ ಕೆಟ್ಟಿದ್ದರೆ ಸಕ್ಕರೆ ಹರಳುಗಟ್ಟಿದೆ ಅಥವಾ ಸೀದಿದೆ. ಪೂರ್ತಿ ಆರಿದ ಮೇಲೂ ಬಾಗುತ್ತಿದ್ದರೆ ಪಾಕ ಎಳಸು. ಡಬ್ಬದಲ್ಲಿ ಕೆಟ್ಟಿದ್ದರೆ ಗಾಳಿಯ ತೇವ. ಕೇಕಿನ ಮೇಲೆ ಕೆಟ್ಟಿದ್ದರೆ ಕ್ರೀಮಿನ ನೀರು. ಕಹಿ ಮತ್ತು ಕಮಟು ಬಿಟ್ಟರೆ ಉಳಿದ ದೂರುಗಳಲ್ಲಿ ಹೆಚ್ಚಿನವು ನೀರಿನ ಲೆಕ್ಕವೇ: ಹೋಗಬೇಕಾದ ನೀರು ಹೋಗಿಲ್ಲ, ಇಲ್ಲವೇ ಹೋದ ನೀರು ಬೇರೆ ದಾರಿಯಿಂದ ವಾಪಸು ಬಂದಿದೆ. ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಸಕ್ಕರೆ ಬ್ರ್ಯಾಂಡು ಬದಲಿಸುವುದು, ಬೆಣ್ಣೆ ಹೆಚ್ಚಿಸುವುದು, ಫ್ರಿಜ್ಜಿಗೆ ತುರುಕುವುದು ಎಲ್ಲ ವ್ಯರ್ಥ.

ಹಲ್ಲಿಗೆ ಅಂಟುತ್ತದೆ

ಹಲಗೆಯ ನಡುವಿನಿಂದ ಒಂದು ತುಂಡು ಮುರಿದುಕೊಳ್ಳಿ. ಅಂಚಿನದು ಬೇಡ, ಅಂಚು ತೆಳ್ಳಗಿದ್ದು ಬೇಗ ಕಾದಿರುತ್ತದೆ. ಮುರಿಯುವಾಗ ಕಿವಿಗೊಡಿ. ಟಕ್ಕನೆ ಮುರಿದು, ಹೊಸದಾಗಿ ಕಂಡ ಒಳಮೈ ಒಣ ಬೆರಳಿಗೆ ಗಾಜಿನಂತೆ ನಯವಾಗಿದ್ದು, ಮೇಲ್ಮೈ ಮಾತ್ರ ಜಿಗುಟಾಗಿದ್ದರೆ ಪಾಕ ಸರಿಯಾಗಿದೆ, ತೇವ ಹೊರಗಿನಿಂದ ಬಂದಿದೆ. ಮುರಿಯುವ ಮೊದಲು ಸ್ವಲ್ಪ ಬಾಗಿ, ಒಳಮೈಯೂ ಬೆರಳಿಗೆ ಹಿಡಿದರೆ ಪಾಕವೇ ಎಳಸು. ಎರಡಕ್ಕೂ ಮದ್ದು ಬೇರೆ, ಹಾಗಾಗಿ ಈ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ.

ಎಳಸು ಪಾಕದ ಕಥೆ ಹೀಗೆ. ಸಕ್ಕರೆ ನೀರು ಕುದಿಯುತ್ತಾ ನೀರು ಕಡಿಮೆಯಾದಂತೆ ಕಾವು ಏರುತ್ತದೆ. 120 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪಾಕದಲ್ಲಿ ಇನ್ನೂ ನೂರಕ್ಕೆ 13ರಷ್ಟು ನೀರಿರುತ್ತದೆ, 140ರ ಆಸುಪಾಸಿನಲ್ಲಿ 5ರಷ್ಟು, 150 ದಾಟಿದಾಗ ಬರೀ 1ರಷ್ಟು. ಆ 5ಕ್ಕೂ 1ಕ್ಕೂ ನಡುವಿನ ವ್ಯತ್ಯಾಸವೇ ಹಲ್ಲಿಗೆ ಅಂಟುವುದಕ್ಕೂ ಕಟುಂ ಎನ್ನುವುದಕ್ಕೂ ಇರುವ ವ್ಯತ್ಯಾಸ. ಕ್ರೊಕಾಂಟ್‌ಗೆ ಅದರಾಚೆಗೆ ಬಣ್ಣವೂ ಬೇಕು. 165ರಿಂದ 175ರ ನಡುವೆ ತಿಳಿ ಜೇನಿನಿಂದ ಕೆಂಪು ಜೇನಿನ ಬಣ್ಣಕ್ಕೆ ಬರುತ್ತದೆ.

ಹಾಗಾದರೆ ಬಣ್ಣ ಬಂದ ಮೇಲೂ ಎಳಸಾಗುವುದು ಹೇಗೆ? ಬಾಣಲೆಯ ಅಂಚು ಕೆಂಪಾಗಿ ನಡು ಇನ್ನೂ ಬೆಳ್ಳಗಿರುವಾಗಲೇ ಗಾಬರಿಯಿಂದ ಬೀಜ ಸುರಿದು ಕಲಸಿದರೆ ಒಟ್ಟಾರೆ ಬಣ್ಣ ಸರಿಯಾಗಿಯೇ ಕಾಣುತ್ತದೆ, ಆದರೆ ಅರ್ಧ ಪಾಕ ಹದಕ್ಕೆ ಬಂದಿರುವುದಿಲ್ಲ. ಕಣ್ಣು ಮೋಸಹೋಗುವುದು ಇಲ್ಲೇ. ಕಪ್ಪು ನಾನ್‌ಸ್ಟಿಕ್ ತವೆಯಲ್ಲಂತೂ ಬಣ್ಣ ಗೊತ್ತೇ ಆಗುವುದಿಲ್ಲ. ಚಮಚದ ತುದಿಯಿಂದ ಒಂದು ಹನಿ ಬಿಳಿ ಪಿಂಗಾಣಿ ತಟ್ಟೆಗೆ ಬಿಟ್ಟು ನೋಡಿ.

ಥರ್ಮಾಮೀಟರ್ ಇದ್ದವರು ಮೊದಲು ಅದನ್ನೇ ಅನುಮಾನಿಸಿ. ಕುದಿಯುವ ನೀರಿಗೆ ಇಳಿಸಿ. ಸಮುದ್ರಮಟ್ಟದ ಊರಿನಲ್ಲಿ 100 ತೋರಿಸಬೇಕು. ಬೆಂಗಳೂರಿನಲ್ಲಿ 97 ತೋರಿಸಿದರೆ ಉಪಕರಣ ಕೆಟ್ಟಿಲ್ಲ, ಊರು 900 ಮೀಟರ್ ಎತ್ತರದಲ್ಲಿದೆ ಅಷ್ಟೇ. ಅಲ್ಲಿ ನೀರು ಹಾಕಿ ಮಾಡುವ ಪಾಕದ ಹದಗಳನ್ನೂ 3 ಡಿಗ್ರಿ ಕೆಳಗೆ ಲೆಕ್ಕ ಹಾಕಿಕೊಳ್ಳಬೇಕು. ನೀರಿಲ್ಲದೆ ಒಣ ಸಕ್ಕರೆ ಕರಗಿಸುವ ಕ್ರಮಕ್ಕೆ ಎತ್ತರದ ಗೊಡವೆ ಇಲ್ಲ. ಇನ್ನೊಂದು ಮಾತು: 60 ಗ್ರಾಂ ಸಕ್ಕರೆ ಅಗಲ ಬಾಣಲೆಯಲ್ಲಿ ಕರಗಿದರೆ ಬೆರಳಿನ ಉಗುರಷ್ಟೂ ಆಳ ಇರುವುದಿಲ್ಲ. ಅದರಲ್ಲಿ ಥರ್ಮಾಮೀಟರ್ ಅದ್ದಿದರೆ ಅದು ಅಳೆಯುವುದು ತಳದ ಲೋಹವನ್ನು. ಅಂಥ ಕಡೆ ನಮ್ಮ ಹಳೆಯ ಪರೀಕ್ಷೆಯೇ ವಾಸಿ. ತಣ್ಣೀರಿಗೆ ಒಂದು ಹನಿ ಬಿಟ್ಟು, ತೆಗೆದು ತಟ್ಟೆಗೆ ಎಸೆಯಿರಿ. ಟಣ್ ಎನ್ನಬೇಕು; ಕಚ್ಚಿದರೆ ಪುಡಿಯಾಗಬೇಕು, ಹಲ್ಲಿನ ಸಂದಿಯಲ್ಲಿ ಕೂರಬಾರದು.

ಎಳಸಾದದ್ದನ್ನು ಎಸೆಯಬೇಕಿಲ್ಲ. ಸಣ್ಣ ಚೂರು ಮಾಡಿ, ಬೇಕಿಂಗ್ ಪೇಪರಿನ ಮೇಲೆ ಒಂದೇ ಪದರವಾಗಿ ಹರಡಿ, 150ರಿಂದ 160 ಡಿಗ್ರಿ ಓವನ್ನಿನಲ್ಲಿ ಇಡಿ. ಎಂಟು ಹತ್ತು ನಿಮಿಷಕ್ಕೆ ಸಕ್ಕರೆ ಮತ್ತೆ ಸಡಿಲವಾಗಿ ಸಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ನಿಧಾನವಾಗಿ ಬಣ್ಣ ಒಂದು ಮೆಟ್ಟಿಲು ಏರಿದಾಗ ತೆಗೆದು ಆರಿಸಿ. ಓವನ್ ಮುಂದಿನಿಂದ ಏಳಬೇಡಿ. ಬೀಜವೂ ಜೊತೆಯಲ್ಲೇ ಹುರಿಯುತ್ತಿರುತ್ತದೆ. ಮೊದಲೇ ಗಾಢ ಕೆಂಪಾಗಿದ್ದ ಕ್ರೊಕಾಂಟ್‌ಗೆ ಈ ಉಪಾಯ ಬೇಡ, ಕಹಿಯಾಗುತ್ತದೆ.

ಇನ್ನು ಹೊರಗಿನಿಂದ ಬಂದ ತೇವ. ಆರಿದ ಪಾಕ ಹರಳಾಗಿರುವುದಿಲ್ಲ, ಗಾಜಿನ ಸ್ಥಿತಿಯಲ್ಲಿರುತ್ತದೆ. ಆ ಸ್ಥಿತಿಯ ಸಕ್ಕರೆ ಗಾಳಿಯ ನೀರನ್ನು ಬಹಳ ಸುಲಭವಾಗಿ ಹೀರುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ತಟ್ಟೆಯಲ್ಲಿ ತೆರೆದಿಟ್ಟರೆ ಊಟ ಮುಗಿಸಿ ಬರುವಷ್ಟರಲ್ಲಿ ಮೇಲ್ಮೈ ಬೆವರಿರುತ್ತದೆ. ಚಳಿನಾಡಿನಲ್ಲಿರುವವರೂ ತಪ್ಪಿಸಿಕೊಳ್ಳುವುದಿಲ್ಲ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಪಾಸ್ತಾ ನೀರು ಕುದಿಯುತ್ತಿದ್ದರೆ, ಪಾತ್ರೆ ತೊಳೆಯುವ ಯಂತ್ರದ ಬಾಗಿಲು ಬಿಸಿಬಿಸಿಯಾಗಿ ತೆರೆದಿದ್ದರೆ, ಆ ಹಬೆಯೆಲ್ಲ ಹತ್ತಿರದ ಕ್ರೊಕಾಂಟ್ ಮೇಲೇ ಬಂದು ಕೂರುತ್ತದೆ. ಕೈಗೆ ಬಿಸಿ ತಾಗದಷ್ಟು ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ, ತಿನಿಸಿಗೆ ಬಳಸುವ ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಜೊತೆಗಿಡಿ. ಫ್ರಿಜ್ ಬೇಡ. ಇಟ್ಟೇ ಬಿಟ್ಟಿದ್ದರೆ, ಡಬ್ಬ ಹೊರಗೆ ತೆಗೆದು ಕೋಣೆಯ ಕಾವಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ. ತಣ್ಣನೆಯ ಸಕ್ಕರೆಯ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ.

ಡಬ್ಬವೂ ಬಿಗಿ, ಪಾಕವೂ ಸರಿ, ಆದರೂ ಬೇಗ ಜಿಗುಟಾಗುತ್ತಿದೆ ಎಂದರೆ ನಿಂಬೆರಸದ ಮೇಲೆ ಕಣ್ಣಿಡಿ. ಹರಳುಗಟ್ಟದಿರಲೆಂದು ನಿಂಬೆ ಹಿಂಡುತ್ತೇವೆ. ಹುಳಿ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ, ಫ್ರಕ್ಟೋಸ್ ಎಲ್ಲಕ್ಕಿಂತ ಹೆಚ್ಚು ನೀರು ಎಳೆಯುತ್ತದೆ. ಒಂದು ದೋಷಕ್ಕೆ ಹಾಕಿದ ಮದ್ದೇ ಇನ್ನೊಂದು ದೋಷಕ್ಕೆ ಬೀಜ. 200 ಗ್ರಾಂ ಸಕ್ಕರೆಗೆ ಮೂರು ನಾಲ್ಕು ಹನಿ ಸಾಕು, ಅರ್ಧ ಹೋಳು ಹಿಂಡಬೇಡಿ. ಅದಕ್ಕಿಂತ ಲಿಕ್ವಿಡ್ ಗ್ಲೂಕೋಸ್ ಒಳ್ಳೆಯದು: ಸಕ್ಕರೆಯ ತೂಕದ ಹತ್ತನೇ ಒಂದು ಭಾಗ. ಜೇನು ಅಥವಾ ಬೆಲ್ಲ ಬೆರೆಸಿ ಮಾಡಿದ ಕ್ರೊಕಾಂಟ್ ರುಚಿಯಾಗಿರುತ್ತದೆ, ಒಪ್ಪುತ್ತೇನೆ. ಮಳೆಗಾಲದಲ್ಲಿ ಮಾತ್ರ ಅದನ್ನು ಕೇಕಿನ ಕೆಲಸಕ್ಕೆ ನಂಬಬೇಡಿ.

ಮರಳು ಮರಳಾಗಿದೆ

ಇಲ್ಲಿ ಮೊದಲು ನೋಡಬೇಕಾದ್ದು ಅದು ನಿಜವಾಗಿ ಹರಳುಗಟ್ಟಿದೆಯೋ, ಬರೀ ಗಟ್ಟಿಯಾಗಿದೆಯೋ ಎಂದು. ಹರಳುಗಟ್ಟಿದ ಸಕ್ಕರೆ ಮಬ್ಬಾಗಿ, ಬಿಳಿಚಿಕೊಂಡು, ಒರಟಾಗಿರುತ್ತದೆ. ಬರೀ ಗಟ್ಟಿಯಾದದ್ದು ಕೆಂಪಗೆ, ಪಾರದರ್ಶಕವಾಗಿ, ಹೊಳೆಯುತ್ತಾ ಉಂಡೆಗಟ್ಟಿರುತ್ತದೆ. ಎರಡನೆಯದಕ್ಕೆ ಕಾರಣ ತಣ್ಣನೆಯ ಬೀಜ: 170 ಡಿಗ್ರಿ ಪಾಕಕ್ಕೆ ಕೋಣೆಯ ಕಾವಿನ ಬೀಜ ಬಿದ್ದರೆ ಪಾಕ ಕ್ಷಣದಲ್ಲಿ ಬಿಗಿದುಕೊಳ್ಳುತ್ತದೆ, ಬೀಜದ ಒಂದು ಮೈಗೆ ಮಾತ್ರ ಹತ್ತುತ್ತದೆ, ಆರಿದ ಮೇಲೆ ಕಳಚಿ ಬೀಳುತ್ತದೆ. ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಮಗುಚಿದರೆ ಸರಿಹೋಗುತ್ತದೆ. ಮುಂದಿನ ಸಲ ಬೀಜವನ್ನು ಓವನ್ನಿನಲ್ಲಿ ಬಿಸಿಯಾಗಿಯೇ ಇಟ್ಟುಕೊಂಡಿರಿ.

ನಿಜವಾದ ಹರಳು ನೀರು ಹಾಕಿದ ಪಾಕದಲ್ಲಿ ಬಣ್ಣ ಬರುವ ಮೊದಲೇ ಕಾಣಿಸಿಕೊಳ್ಳುತ್ತದೆ. ಬಾಣಲೆಯ ಗೋಡೆಗೆ ಅಂಟಿದ ಒಂದೆರಡು ಸಕ್ಕರೆ ಕಾಳು, ಸುಮ್ಮನಿರಲಾರದ ಸೌಟು, ಇಷ್ಟೇ ಸಾಕು. ಸಕ್ಕರೆ ಪೂರ್ತಿ ಕರಗಿದ ಮೇಲೆ ಸೌಟು ಹೊರಗಿಡಿ; ಬೇಕಾದರೆ ಬಾಣಲೆಯನ್ನೇ ಹಿಡಿದು ತಿರುಗಿಸಿ. ಕುದಿ ಹತ್ತಿದಾಗ ಎರಡು ನಿಮಿಷ ಮುಚ್ಚಳ ಮುಚ್ಚಿದರೆ ಹಬೆಯೇ ಗೋಡೆಯನ್ನು ತೊಳೆಯುತ್ತದೆ. ಆಗಲೇ ಬೆಳ್ಳಗಾಗಿ ಹೋಗಿದ್ದರೆ ಅರ್ಧ ಬಟ್ಟಲು ನೀರು ಹಾಕಿ, ಕರಗಿಸಿ, ಮೊದಲಿನಿಂದ ಶುರುಮಾಡಿ. ಸಕ್ಕರೆಗೆ ನಷ್ಟವಿಲ್ಲ, ಹೋಗುವುದು ಗ್ಯಾಸು ಮಾತ್ರ.

ಇನ್ನೊಂದು ಸಂದರ್ಭದಲ್ಲಿ ಮರಳಾಗುವುದು ದೋಷವೇ ಅಲ್ಲ. ಪಾಕ 115ರಿಂದ 120 ಡಿಗ್ರಿಯಲ್ಲಿದ್ದಾಗ ಇಡೀ ಬೀಜ ಹಾಕಿ ಬಿಡದೆ ತಿರುವುವ ಕ್ರಮ ಒಂದಿದೆ. ಅದರಲ್ಲಿ ಪಾಕ ಬೇಕೆಂತಲೇ ಹರಳುಗಟ್ಟಿ ಬೀಜದ ಮೇಲೆ ಬೂದಿ ಬಳಿದ ಹಾಗೆ ಕೂರುತ್ತದೆ. ಜರ್ಮನಿಯ ಕ್ರಿಸ್ಮಸ್ ಸಂತೆಗಳಲ್ಲಿ ಕಾಗದದ ಪೊಟ್ಟಣದಲ್ಲಿ ಬಿಸಿಬಿಸಿ ಮಾರುವ ಸಕ್ಕರೆ ಬಾದಾಮಿ, ಸಕ್ಕರೆ ಹೇಜಲ್‌ನಟ್‌ಗಳ ಒರಟು ಮೈ ಬರುವುದು ಈ ಹಂತದಿಂದಲೇ. ಕ್ರೊಕಾಂಟ್ ಬೇಕಾದವರು ಇಲ್ಲಿ ಕೈಚೆಲ್ಲದೆ ಮಧ್ಯಮ ಉರಿಯಲ್ಲಿ ಮಗುಚುತ್ತಲೇ ಇರಬೇಕು. ತಳದ ಪುಡಿ ಮೊದಲು ಕರಗಿ ಹೊಳಪಾಗುತ್ತದೆ, ನಿಧಾನವಾಗಿ ಎಲ್ಲ ಬೀಜಕ್ಕೂ ಕೆಂಪು ಹೊಳಪು ಹತ್ತುತ್ತದೆ. ಉರಿ ಜೋರು ಮಾಡಿದರೆ ತಳ ಸೀದು ಮೇಲೆ ಮರಳು ಹಾಗೆಯೇ ಉಳಿಯುತ್ತದೆ.

ಒಣ ಸಕ್ಕರೆ ಕರಗಿಸುವವರಿಗೆ ಬೇರೆ ತೊಂದರೆ. ನಮ್ಮಲ್ಲಿ ಸಿಗುವ ದಪ್ಪ ಕಾಳಿನ ಸಕ್ಕರೆ ಕರಗುವುದು ತಡ. ಒಂದೇ ಸಲ ಸುರಿಯದೆ ಮೂರು ಕಂತಿನಲ್ಲಿ ಹಾಕಿ. ಬೇಗ ಕರಗಲಿ ಎಂದು ಐಸಿಂಗ್ ಶುಗರ್ ಹಾಕುವವರು ಪೊಟ್ಟಣದ ಹಿಂಬದಿ ಓದಿ, ಅನೇಕದರಲ್ಲಿ ಕಾರ್ನ್‌ಫ್ಲೋರ್ ಬೆರೆತಿರುತ್ತದೆ, ಅದು ಸೀಯುತ್ತದೆ. ಜರ್ಮನಿಗೆ ಹೊಸದಾಗಿ ಬಂದವರು ಅಂಗಡಿಯಲ್ಲಿ ಗೆಲಿಯರ್‌ಝುಕರ್ ಎತ್ತಿಕೊಂಡು ಬರುವುದುಂಟು. ಅದು ಜಾಮ್ ಮಾಡುವ ಸಕ್ಕರೆ, ಪೆಕ್ಟಿನ್ ಮತ್ತು ಹುಳಿ ಸೇರಿರುತ್ತದೆ. ಅದರಿಂದ ಕ್ರೊಕಾಂಟ್ ಆಗುವುದಿಲ್ಲ.

ಡಬ್ಬದಲ್ಲಿ ಮೊದಲು ಜಿಗುಟಾಗಿದ್ದದ್ದು ಕೆಲವು ದಿನ ಕಳೆದು ತಾನಾಗಿಯೇ ಒಣಗಿದಂತೆ ಕಂಡರೆ ಖುಷಿಪಡಬೇಡಿ. ಹೀರಿದ ತೇವದಲ್ಲಿ ಸಕ್ಕರೆ ಮತ್ತೆ ಹರಳುಗಟ್ಟಿದೆ. ತಿನ್ನಲು ಅಡ್ಡಿಯಿಲ್ಲ, ಕಟುಂ ಎನ್ನುವ ಗುಣ ಹೋಯಿತು.

ಕಹಿ, ಒಗರು, ಕಮಟು

ಮೂರನ್ನೂ ಕಹಿ ಎಂದುಬಿಡುತ್ತೇವೆ, ಕಾರಣ ಮಾತ್ರ ಬೇರೆ ಬೇರೆ. ಒಂದು ತುಂಡನ್ನು ಒಡೆದು ಸಕ್ಕರೆಯ ಚೂರನ್ನು ಬೇರೆ, ಬೀಜವನ್ನು ಬೇರೆ ತಿಂದು ನೋಡಿ.

ಸಕ್ಕರೆಯೇ ಕಹಿಯಾಗಿದ್ದರೆ ಪಾಕ ಸೀದಿದೆ. 190 ಡಿಗ್ರಿ ಮುಟ್ಟುವಷ್ಟರಲ್ಲಿ ಸಿಹಿ ಹಿಂದೆ ಸರಿದು ಕಹಿ ಮುಂದೆ ಬರುತ್ತದೆ. ಬಹುಪಾಲು ಜನ ಸರಿಯಾದ ಬಣ್ಣಕ್ಕೇ ಒಲೆ ಆರಿಸಿರುತ್ತಾರೆ. ದಪ್ಪ ತಳದ ಪಾತ್ರೆ ಆರಿಸಿದ ಮೇಲೂ ಬೇಯಿಸುತ್ತಲೇ ಇರುತ್ತದೆ. ಬೇಕಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ಮೊದಲೇ ಇಳಿಸಿ, ತಕ್ಷಣ ಹರವಿ. ಬೇಕಿಂಗ್ ಪೇಪರ್ ಹಾಸಿದ ತಟ್ಟೆ ಒಲೆ ಹಚ್ಚುವ ಮೊದಲೇ ಪಕ್ಕದಲ್ಲಿರಲಿ. ತಣ್ಣೀರಿನ ಬೋಗುಣಿಯೂ ಇರಲಿ, ಈ ಪಾಕ ಚರ್ಮಕ್ಕೆ ಬಿದ್ದರೆ ಎಣ್ಣೆಯ ಹಾಗೆ ಜಾರುವುದಿಲ್ಲ, ಅಂಟಿ ಸುಡುತ್ತದೆ. ಮಕ್ಕಳು ಅಡುಗೆಮನೆಯಿಂದ ಹೊರಗೆ.

ಬೀಜ ನಾಲಿಗೆಗೆ ಒಗರಾಗಿ ಹಿಡಿದರೆ ಸಿಪ್ಪೆಯದು ದೋಷ. ಹೇಜಲ್‌ನಟ್‌ನ ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಇದೆ. 150 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಹುರಿದು, ಬಿಸಿ ಇರುವಾಗಲೇ ಒರಟು ಬಟ್ಟೆಯಲ್ಲಿ ಕಟ್ಟಿ ಉಜ್ಜಿದರೆ ಬಹುಪಾಲು ಉದುರುತ್ತದೆ. ಅಲ್ಲಲ್ಲಿ ಉಳಿದದ್ದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಸಡಿಲವಾಗಿ ಜೋತುಬಿದ್ದ ಸಿಪ್ಪೆ ಮಾತ್ರ ಇರಬಾರದು, ಪಾಕ ಬೀಜಕ್ಕೆ ಹತ್ತುವ ಬದಲು ಅದಕ್ಕೆ ಹತ್ತಿ ಎರಡೂ ಕಳಚಿಕೊಳ್ಳುತ್ತವೆ. ಹುರಿದದ್ದು ಸಾಕೋ ಎಂದು ಸಿಪ್ಪೆಯ ಬಣ್ಣದಿಂದ ತಿಳಿಯುವುದಿಲ್ಲ. ಒಂದು ಬೀಜವನ್ನು ಎರಡು ಹೋಳು ಮಾಡಿ ನಡುವನ್ನು ನೋಡಿ. ತಿಳಿ ಹೊನ್ನಿನ ಬಣ್ಣ ಇದ್ದರೆ ನಿಲ್ಲಿಸಿ, ಪಾಕದಲ್ಲಿ ಇನ್ನಷ್ಟು ಹುರಿಯುತ್ತದೆ. ನಡುವೇ ಕಂದಾಗಿದ್ದರೆ ಆಗಲೇ ಅತಿಯಾಯಿತು.

ಕಮಟು ಬೇರೆ ಜಾತಿ. ಬೀಜದ ತೂಕದಲ್ಲಿ ಸುಮಾರು 60 ಶೇಕಡಾ ಎಣ್ಣೆ. ಹಳತಾದರೆ ಆ ಎಣ್ಣೆ ಕೆಡುತ್ತದೆ, ಹಳೇ ಕೊಬ್ಬರಿಯ ವಾಸನೆ ಬರುತ್ತದೆ. ಹುರಿದರೂ ಹೋಗುವುದಿಲ್ಲ, ಸಕ್ಕರೆಯಲ್ಲೂ ಮುಚ್ಚುವುದಿಲ್ಲ. ಜಗತ್ತಿನ ಹೇಜಲ್‌ನಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಟರ್ಕಿಯ ಕಪ್ಪು ಸಮುದ್ರದ ಕರಾವಳಿಯಿಂದ, ಓರ್ಡು ಮತ್ತು ಗಿರೆಸುನ್ ಸುತ್ತಿನಿಂದ. ಕೊಯ್ಲು ಆಗಸ್ಟ್ ಹೊತ್ತಿಗೆ. ಅಂದರೆ ಜೂನ್ ಜುಲೈಯಲ್ಲಿ ನೀವು ಕೊಳ್ಳುವ ಪೊಟ್ಟಣ, ಮೇಲೆ ಯಾವ ಪ್ಯಾಕಿಂಗ್ ತಾರೀಖು ಇದ್ದರೂ, ಒಳಗಿನ ಬೀಜಕ್ಕೆ ಹತ್ತಿರ ಹತ್ತಿರ ವರ್ಷ. ಇಟಲಿಯ ಪಿಯೆಮೊಂತೆಯ ಹೇಜಲ್‌ನಟ್‌ಗೆ 1996ರಿಂದ ಯುರೋಪಿನ ಭೌಗೋಳಿಕ ಮಾನ್ಯತೆ ಇದೆ, ಪರಿಮಳವೂ ನಿಜಕ್ಕೂ ಮೇಲು, ದುಡ್ಡೂ ಹಾಗೇ. ಆದರೆ ಹಳತಾದ ಪಿಯೆಮೊಂತೆ ಬೀಜಕ್ಕಿಂತ ಹೊಸ ಟರ್ಕಿ ಬೀಜ ವಾಸಿ. ಕತ್ತರಿಸಿ ಮಾರುವ ಚೂರು ಇಡೀ ಬೀಜಕ್ಕಿಂತ ಬೇಗ ಕಮಟುತ್ತದೆ, ಇಡಿಯದನ್ನೇ ತನ್ನಿ.

ಬೆಣ್ಣೆ ಬಿಟ್ಟುಕೊಂಡಿದೆ

ಹರವಿದ ಮೇಲೆ ಕಾಗದದ ಮೇಲೆ ಎಣ್ಣೆಯ ಕೆರೆ ಕಂಡರೆ ಉರಿ ಒಮ್ಮೆಲೇ ಏರಿದೆ ಇಲ್ಲವೇ ಇಳಿದಿದೆ, ಅಥವಾ ಬೆಣ್ಣೆ ಜಾಸ್ತಿ. ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಿರಿ, ರುಚಿಗೆ ತೊಂದರೆ ಇಲ್ಲ.

ಕೇಕಿನ ಮೇಲೆ ಮೆತ್ತಗಾಯಿತು

ಫ್ರಾಂಕ್‌ಫುರ್ಟರ್ ಕ್ರಾಂಟ್ಸ್ ಎಂಬ ಬಳೆಯಾಕಾರದ ಕೇಕ್ ಇದಕ್ಕೆ ಸರಿಯಾದ ಉದಾಹರಣೆ. ಪದರದ ನಡುವೆ ಬೆಣ್ಣೆ ಕ್ರೀಮು ಮತ್ತು ಕೆಂಪು ಜಾಮ್, ಹೊರಮೈಗೆಲ್ಲ ಕ್ರೊಕಾಂಟ್, ಮೇಲೆ ಚೆರ್ರಿ. ಚಿನ್ನದ ಕಿರೀಟದಂತೆ ಕಾಣಬೇಕಾದದ್ದು ಮಾರನೆಯ ದಿನ ತೇವಗೊಂಡ ರವೆ ಮೆತ್ತಿದಂತಾದರೆ, ಮೊದಲು ಯಾವ ಕ್ರೀಮು ಎಂದು ಕೇಳಿ. ಜರ್ಮನ್ ಬೆಣ್ಣೆ ಕ್ರೀಮಿನಲ್ಲಿ 500 ಮಿಲಿ ಹಾಲಿನ ಪುಡ್ಡಿಂಗ್‌ಗೆ 250 ಗ್ರಾಂ ಬೆಣ್ಣೆ ಸೇರುತ್ತದೆ. ಅಷ್ಟು ಹಾಲು ಎಂದರೆ ಅಷ್ಟು ನೀರು. ಒಣ ಸಕ್ಕರೆ ಪಕ್ಕದಲ್ಲೇ ಇದ್ದರೆ ನೀರು ಆ ಕಡೆ ಹರಿಯದೆ ಇರುವುದಿಲ್ಲ. ಮೊಟ್ಟೆಯ ಹಳದಿ ಮತ್ತು ಸಕ್ಕರೆ ಪಾಕದಿಂದ ಮಾಡುವ ಫ್ರೆಂಚ್ ಬೆಣ್ಣೆ ಕ್ರೀಮಿನಲ್ಲಿ ನೀರು ಕಡಿಮೆ, ಕ್ರೊಕಾಂಟ್ ಹೆಚ್ಚು ಹೊತ್ತು ನಿಲ್ಲುತ್ತದೆ. ನೊರೆಗಟ್ಟಿಸಿದ ಫ್ರೆಶ್ ಕ್ರೀಮಿನ ಮೇಲಂತೂ ಬಡಿಸುವ ಮುಂಚೆ ಉದುರಿಸುವುದು ಬಿಟ್ಟು ಬೇರೆ ದಾರಿ ಇಲ್ಲ.

ಎರಡನೆಯದು ಚೂರಿನ ಗಾತ್ರ. ಲಟ್ಟಣಿಗೆಯಿಂದ ಕುಟ್ಟಿದಾಗ ಚೂರಿನ ಜೊತೆ ಹಿಟ್ಟೂ ಬರುತ್ತದೆ. ಆ ಹಿಟ್ಟು ಕ್ರೀಮು ತಾಗಿದ ಕೂಡಲೇ ಕರಗಿ ಹಳದಿ ನೀರಾಗುತ್ತದೆ, ಆ ನೀರು ದೊಡ್ಡ ಚೂರುಗಳನ್ನೂ ಹಿಡಿಯುತ್ತದೆ. ಜರಡಿ ಹಿಡಿದು ಹಿಟ್ಟನ್ನು ಬೇರೆ ಇಟ್ಟುಕೊಳ್ಳಿ, ಕ್ರೀಮಿನೊಳಗೆ ಬೆರೆಸಲು ಒಳ್ಳೆಯದು. ಹೊರಮೈಗೆ 3–4 ಮಿಲಿಮೀಟರಿನ ಚೂರು ಮಾತ್ರ.

ಕೇಕನ್ನು ಹಿಂದಿನ ದಿನವೇ ಕಟ್ಟಬೇಕೆಂದಿದ್ದರೆ ಕ್ರೊಕಾಂಟ್ ಇಲ್ಲದೆ ಕಟ್ಟಿ ಫ್ರಿಜ್ಜಿನಲ್ಲಿಡಿ, ಎರಡು ದೊಡ್ಡ ಚಮಚ ಕ್ರೀಮು ಹೊರಗೆ ಎತ್ತಿಡಿ. ಬಡಿಸುವ ದಿನ ತಣ್ಣಗೆ ಗಟ್ಟಿಯಾದ ಮೈಗೆ ಚೂರು ಅಂಟುವುದಿಲ್ಲ. ಎತ್ತಿಟ್ಟ ಕ್ರೀಮನ್ನು ಮೃದು ಮಾಡಿ ಸುಣ್ಣ ಬಳಿದಷ್ಟೇ ತೆಳ್ಳಗೆ ಸವರಿ, ಅಂಗೈಯಲ್ಲಿ ಕ್ರೊಕಾಂಟ್ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಬನ್ನಿ.

ಐಸ್‌ಕ್ರೀಮು, ಮೂಸ್ ಇಂಥ ಕಡೆ ಚೂರಿಗೆ ಕೊಬ್ಬಿನ ಅಂಗಿ ತೊಡಿಸಬೇಕು. 100 ಗ್ರಾಂ ಚೂರಿಗೆ 10ರಿಂದ 15 ಗ್ರಾಂ ಕರಗಿದ ಕೋಕೋ ಬೆಣ್ಣೆ ಅಥವಾ ಬಿಳಿ ಚಾಕೊಲೇಟ್ ಹಾಕಿ ಬೇಗಬೇಗ ಕಲಸಿ, ಹರಡಿ ಗಟ್ಟಿಯಾಗಲು ಬಿಡಿ. ಕೋಕೋ ಬೆಣ್ಣೆ ಕೋಣೆಯ ಕಾವಿನಲ್ಲೂ ಗಟ್ಟಿಯಾಗಿರುತ್ತದೆ. ಮಾಮೂಲಿ ಬೆಣ್ಣೆಯಲ್ಲಿ ನೀರಿನಂಶ ಇರುವುದರಿಂದ ಅದು ಈ ಕೆಲಸಕ್ಕಲ್ಲ. ತುಪ್ಪ ಪರವಾಗಿಲ್ಲ, ತಣ್ಣನೆಯ ತಿನಿಸಿಗೆ ಮಾತ್ರ.

ಅರೆದರೆ ಪೇಸ್ಟ್ ಆಗುತ್ತಿಲ್ಲ

ಪ್ರಾಲಿನೆಗಾಗಿ ಮಿಕ್ಸಿಗೆ ಹಾಕಿದ ಕ್ರೊಕಾಂಟ್ ಮೊದಲು ಪುಡಿಯಾಗುತ್ತದೆ, ಆಮೇಲೆ ಜಾರಿನ ಗೋಡೆಗೆ ಮೆತ್ತಿ ಒದ್ದೆ ಮರಳಿನಂತೆ ನಿಲ್ಲುತ್ತದೆ. ಹೆಚ್ಚಿನವರು ಇಲ್ಲಿ ಸೋಲೊಪ್ಪುತ್ತಾರೆ. ಗೋಡೆ ಕೆರೆದು, ಮೋಟಾರಿಗೆ ವಿರಾಮ ಕೊಟ್ಟು, ಮತ್ತೆ ಮತ್ತೆ ತಿರುಗಿಸಿ. ಬೀಜದೊಳಗಿನ ಎಣ್ಣೆ ಹೊರಬಂದ ಮೇಲೆ ಇದ್ದಕ್ಕಿದ್ದಂತೆ ಸಡಿಲವಾಗಿ ಸುರಿಯುವಂತಾಗುತ್ತದೆ. ಆಗಲೂ ಆಗದಿದ್ದರೆ ಸಕ್ಕರೆ ಬೀಜಕ್ಕಿಂತ ಹೆಚ್ಚಾಗಿದೆ, ಇಲ್ಲವೇ ಬೀಜ ಸರಿಯಾಗಿ ಹುರಿದಿಲ್ಲ. ಎರಡು ಚಮಚ ವಾಸನೆಯಿಲ್ಲದ ಎಣ್ಣೆ ಹಾಕಿ. ಬಿಸಿ ಕ್ರೊಕಾಂಟ್ ಹಾಕಬೇಡಿ, ಸಕ್ಕರೆ ಬ್ಲೇಡಿಗೆ ಅಂಟಿ ಹಿಡಿದುಕೊಳ್ಳುತ್ತದೆ. ನಾಲಿಗೆಗೆ ಸ್ವಲ್ಪ ತರಿತರಿ ಉಳಿಯುವುದನ್ನು ದೋಷ ಎನ್ನಬೇಡಿ. ಕಾರ್ಖಾನೆಯ ರೋಲರುಗಳು ಅರೆಯುವ ನುಣುಪು ಮನೆ ಮಿಕ್ಸಿಯಿಂದ ಬರುವುದಿಲ್ಲ.

ನುಣ್ಣಗಿದ್ದ ಪೇಸ್ಟ್ ಒಮ್ಮೆಲೇ ಗಟ್ಟಿ ಉಂಡೆಯಾದರೆ ಜಾರಿನಲ್ಲೋ ಚಮಚದಲ್ಲೋ ನೀರಿನ ಪಸೆ ಇತ್ತು. ಅದನ್ನು ಚಾಕೊಲೇಟಿಗೆ ಬೆರೆಸಬೇಡಿ, ಚಾಕೊಲೇಟೂ ಬಿಗಿದುಕೊಳ್ಳುತ್ತದೆ. ಕಸ್ಟರ್ಡಿಗೆ ಹಾಕಿ. ಸೈಕಲ್ ಓಟದ ಹೆಸರಿಟ್ಟುಕೊಂಡ ಫ್ರೆಂಚ್ ತಿನಿಸು ಪಾರಿ-ಬ್ರೆಸ್ಟ್‌ನ ಒಳಗಿನ ಕ್ರೀಮು ಹೇಗೂ ಹಾಲಿನ ಕಸ್ಟರ್ಡ್, ಬೆಣ್ಣೆ ಮತ್ತು ಪ್ರಾಲಿನೆಯ ಮಿಶ್ರಣ. ಅದರಲ್ಲಿ ಈ ಉಂಡೆ ಬಿಸಿ ಕಸ್ಟರ್ಡಿನೊಂದಿಗೆ ಸುಲಭವಾಗಿ ಕರಗಿ ಸೇರಿಹೋಗುತ್ತದೆ.